ಬಂದವರ ಮನೆಯ ಪರಾಗಂಧ

ನಮ್ಮ ಮನೆಯ ಗೇಟಿನ ಕಂಬದಲ್ಲಿ ಕಪ್ಪು ಕಲ್ಲಿನ ನಾಮಫಲಕವೊಂದಿದೆ. ಅದರಲ್ಲಿ ‘ಪರಾಗಂದ’ ಎಂದು ಕೆತ್ತಿದೆ. ಹತ್ತಿರ ಹೋಗಿ ನೋಡಿದರೆ ಕೊನೆಯ ಅಕ್ಷರದ ಬುಡದಲ್ಲಿ ಒಂದು ಚಿಟಿಕೆ ಸಿಮೆಂಟು ಮೆತ್ತಿರುವುದು ಕಾಣುತ್ತದೆ. ಬೇಸಿಗೆಯಲ್ಲಿ ಧೂಳು ಕೂತು ಅದು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಮಳೆಗಾಲದಲ್ಲಿ ಕಲ್ಲು ತೊಯ್ದು ಕಡುಕಪ್ಪಾದಾಗ ಮಾತ್ರ ಆ ಬೂದು ಚುಕ್ಕೆ ಎದ್ದು ಕಾಣುತ್ತದೆ. ನಾನು ಬೆಳಿಗ್ಗೆ ಹೊನ್ನಾವರದ ಬ್ಯಾಂಕಿಗೆ ಹೊರಡುವಾಗ ಗೇಟು ಮುಚ್ಚುತ್ತ ದಿನಾ ಅದನ್ನು ನೋಡುತ್ತೇನೆ, ದಿನಾ ಒಬ್ಬಳೇ ನಗುತ್ತೇನೆ. ಬಸ್‌ಸ್ಟಾಪಿನಲ್ಲಿ ನಿಂತವರು ನನ್ನ ಬಗ್ಗೆ ಏನು ತಿಳಿದುಕೊಂಡಿದ್ದಾರೋ ಕೇಳುವ ಧೈರ್ಯ ನನಗಿಲ್ಲ.

ಈ ಹೆಸರಿನ ಅರ್ಥ ಕೇಳದೆ ಮುಂದೆ ಹೋದವರು ಕಡಿಮೆ. ಕೊರಿಯರಿನವನು ಒಮ್ಮೆ ಫೋನು ಮಾಡಿ, ಇದು ಅಗರಬತ್ತಿ ಮಾಡುವ ಜಾಗವೇ ಎಂದು ಕೇಳಿದ. ಓಂ ಬೀಚಿಗೆ ಹೋಗುವ ದಾರಿ ತಪ್ಪಿ ನಮ್ಮ ಗೇಟಿನ ಮುಂದೆ ಕಾರು ನಿಲ್ಲಿಸಿದ ಜೋಡಿಯೊಂದು ಇದನ್ನು ಹೋಮ್‌ಸ್ಟೇ ಎಂದುಕೊಂಡು ರೂಮಿದೆಯೇ ಎಂದು ವಿಚಾರಿಸಿತು. ಹೆದ್ದಾರಿಯುದ್ದಕ್ಕೂ ಎಷ್ಟು ಮನೆಗಳಿಲ್ಲ, ಎಷ್ಟು ಹೆಸರುಗಳಿಲ್ಲ. ಶ್ರೀನಿವಾಸ, ಮಾತೃಛಾಯಾ, ಅಮ್ಮನ ಆಶೀರ್ವಾದ. ಅವುಗಳ ಅರ್ಥವನ್ನು ಯಾರೂ ಕೇಳುವುದಿಲ್ಲ. ನಮ್ಮದಕ್ಕೆ ಮಾತ್ರ ಕಥೆಯನ್ನೇ ಹೇಳಬೇಕು. ಹೇಗೂ ನೀವು ಇಲ್ಲಿಯವರೆಗೆ ಓದಿದ್ದೀರಿ, ನಿಮಗೂ ಹೇಳಿಬಿಡುತ್ತೇನೆ.

ನಿಜ ಹೇಳಬೇಕೆಂದರೆ ನಮ್ಮ ಮನೆಗೆ ಮೊದಲಿನಿಂದಲೂ ಬೇರೊಂದು ಹೆಸರಿತ್ತು. ಹಳದೀಪುರದಲ್ಲಿ ಬಸ್ಸಿಳಿದು ಯಾರನ್ನು ಕೇಳಿದರೂ ‘ಬಂದವರ ಮನೆಯಾ?’ ಎಂದು ಕೈ ತೋರಿಸುತ್ತಾರೆ. ಎಷ್ಟೋ ತಲೆಮಾರುಗಳ ಹಿಂದೆ ಗಣಪಜ್ಜ ಎಂಬ ನಮ್ಮ ಹಿರಿಯನೊಬ್ಬ ಎಲ್ಲಿಂದಲೋ ಬಂದು ಇಲ್ಲಿ ಗುಡಿಸಲು ಹಾಕಿದನಂತೆ. ಅಂದಿನಿಂದ ನಾವು ಬಂದವರು. ನಮ್ಮ ಮುತ್ತಜ್ಜ ಇಲ್ಲೇ ಹುಟ್ಟಿದ, ಅಜ್ಜ ಇಲ್ಲೇ ಹುಟ್ಟಿದ, ಅಪ್ಪಯ್ಯ ಇಲ್ಲೇ ಹುಟ್ಟಿದ. ಆದರೂ ಬಂದವರು. ನಮ್ಮ ನಂತರ ಹೆದ್ದಾರಿ ಬಂತು, ರೈಲು ಬಂತು. ಅವುಗಳನ್ನು ಯಾರೂ ಹಾಗೆ ಕರೆಯಲಿಲ್ಲ.

ನನಗೂ ತಮ್ಮ ಗಜುವಿಗೂ ಇದೊಂದು ತಮಾಷೆ. ಅಪ್ಪಯ್ಯನಿಗೆ ಹಾಗಲ್ಲ. ಅವನು ಕುಮಟಾ–ಭಟ್ಕಳ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಬಸ್ಸಿನ ಒಳಗೆ ಅವನೇ ಮಹಾರಾಜ. ಒಂದು ಸೀಟಿ ಊದಿದರೆ ಅಷ್ಟು ದೊಡ್ಡ ಗಾಡಿ ನಿಲ್ಲುತ್ತಿತ್ತು. ಆದರೆ ಊರಿನಲ್ಲಿ ನಾಲ್ಕು ಜನ ಸೇರಿದ ಕಡೆ ಅವನು ಬಾಯಿ ತೆರೆದರೆ ಸಾಕು, ಬಂದವರ ಮನೆ ಸುಬ್ರಾಯ ಏನೋ ಹೇಳುತ್ತಾನೆ, ಕೇಳಿ ಎಂದು ಯಾರಾದರೂ ಅನ್ನುತ್ತಿದ್ದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುತ್ತಿರಲಿಲ್ಲ. ಅಪ್ಪಯ್ಯನ ಮುಖ ಮಾತ್ರ ಟಿಕೆಟ್ ತೆಗೆಯದೆ ಸಿಕ್ಕಿಬಿದ್ದ ಪ್ರಯಾಣಿಕನ ಹಾಗೆ ಆಗುತ್ತಿತ್ತು. ಹೇಳಬೇಕೆಂದಿದ್ದ ಮಾತನ್ನು ಅರ್ಧಕ್ಕೆ ಬಿಟ್ಟು ಮನೆಗೆ ಬರುತ್ತಿದ್ದ.

ಶಾಲೆಗೆ ರಜೆ ಸಿಕ್ಕಾಗ ನಮ್ಮಿಬ್ಬರನ್ನು ಅವನು ತನ್ನ ಬಸ್ಸಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದ. ಶರಾವತಿ ಸೇತುವೆ ಬಂದಾಗ ನಾವು ಕಿಟಕಿಯಿಂದ ಹೊರಗೆ ತಲೆ ಹಾಕುವುದು, ಅವನು ಹಿಂದಿನಿಂದ ಕೂಗುವುದು, ಇದು ಪ್ರತಿ ಸಲದ ಪದ್ಧತಿ. ಅವನಿಗೆ ಮನುಷ್ಯರ ಹೆಸರು ನೆನಪಿರುತ್ತಿರಲಿಲ್ಲ, ಹತ್ತುವ ಮತ್ತು ಇಳಿಯುವ ಊರು ನೆನಪಿರುತ್ತಿತ್ತು. ಸೇತುವೆಯಾಚೆಯ ಕಾಸರಕೋಡಿನಲ್ಲಿ ಬುಟ್ಟಿ ಹಿಡಿದು ಹತ್ತುವವಳು, ಧಾರೇಶ್ವರದಲ್ಲಿ ನಿದ್ದೆಗಣ್ಣಿನಲ್ಲಿ ಇಳಿಯುವ ಮಾಸ್ತರರು, ಹೀಗೆ. ನನ್ನ ಮದುವೆಯ ಮಾತು ಬಂದಾಗಲೂ ಹುಡುಗ ಎಲ್ಲಿ ಹತ್ತುತ್ತಾನೆ ಎಂದೇ ಮೊದಲು ಕೇಳಿದ್ದ. ಆ ಸಂಬಂಧ ಯಾವುದೋ ಸ್ಟಾಪಿನಲ್ಲಿ ತಪ್ಪಿಹೋಯಿತು, ಆಮೇಲೆ ನಾನೂ ಬಸ್ಸು ಕಾಯಲಿಲ್ಲ. ಅದು ಬೇರೆ ಪ್ರಬಂಧ.

ಗಣಪಜ್ಜನ ವಿಷಯದಲ್ಲಿ ನಮ್ಮ ಮನೆಯಲ್ಲೊಂದು ವಿಚಿತ್ರ ಕ್ರಮವಿತ್ತು. ಹಬ್ಬವಿರಲಿ, ಮದುವೆಯಿರಲಿ, ಮೊದಲ ಬಾಳೆ ಎಲೆ ಗಣಪಜ್ಜನಿಗೆ. ಅದನ್ನು ಹಾಕುವುದು ದೇವರ ಮುಂದೆ ಅಲ್ಲ, ಪಂಕ್ತಿಯ ತುದಿಯಲ್ಲೂ ಅಲ್ಲ, ಹಿತ್ತಿಲ ಬಾಗಿಲ ಹೊಸ್ತಿಲಿಗೆ ತಾಗಿಸಿ. ಬಾಗಿಲು ಪೂರ್ತಿ ತೆರೆದಿರಬೇಕು. ಯಾಕೆ ಎಂದು ಕೇಳಿದರೆ ಆಯಿ, ಅಂದರೆ ನಮ್ಮಮ್ಮ, ಗದರುತ್ತಿದ್ದಳು, ಅವಳ ಅತ್ತೆ ಅವಳಿಗೆ ಗದರಿದ ಹಾಗೆಯೇ. ಅಜ್ಜನಿಗೆ ಸೆಖೆ ಜಾಸ್ತಿ, ಗಾಳಿ ಬರಲಿ ಅಂತ ಎಂದು ಒಬ್ಬರು ಹೇಳಿದರೆ, ತಾನು ನೆಟ್ಟ ತೆಂಗಿನ ಮರಗಳನ್ನು ನೋಡುತ್ತ ಊಟ ಮಾಡಲಿ ಅಂತ ಎಂದು ಇನ್ನೊಬ್ಬರು ಹೇಳುತ್ತಿದ್ದರು. ನಾನೂ ಗಜುವೂ ಒರಳುಕಲ್ಲಿನ ಹಿಂದೆ ಅಡಗಿ ಕೂತು ಅಜ್ಜ ಬರುವುದನ್ನು ಕಾಯುತ್ತಿದ್ದೆವು. ಅಜ್ಜ ಬರುವ ಮೊದಲೇ ನಮ್ಮ ಕೆಂಪಿ ಕರು ಬಂದು ಎಲೆ ಸಮೇತ ಪಾಯಸ ಮುಗಿಸುತ್ತಿತ್ತು. ಬಹಳ ವರ್ಷ ನಾನು ಗಣಪಜ್ಜನಿಗೆ ಬಾಲ ಇತ್ತೆಂದೇ ಕಲ್ಪಿಸಿಕೊಂಡಿದ್ದೆ.

ಇರಲಿ. ಹೆದ್ದಾರಿ ಅಗಲವಾಗುವಾಗ ನಮ್ಮ ಹಳೆಯ ಮನೆಯ ಅರ್ಧ ಅದರ ಪಾಲಾಯಿತು. ಉಳಿದರ್ಧದಲ್ಲಿ ವಾಸ ಮಾಡುವಂತಿರಲಿಲ್ಲ. ತೋಟದೊಳಗೆ ಸ್ವಲ್ಪ ಹಿಂದೆ ಸರಿದು ಹೊಸ ಮನೆ ಕಟ್ಟಿಸುವುದೆಂದಾಯಿತು. ಅದಕ್ಕಾಗಿ ಜಾಗದ ಹಳೆಯ ಕಾಗದಗಳು ಬೇಕಾದವು. ಹಾಗೆ ಅಪ್ಪಯ್ಯ ತಾಲೂಕು ಕಚೇರಿಯ ರೆಕಾರ್ಡ್ ರೂಮಿನ ಮೆಟ್ಟಿಲು ಹತ್ತಿದ. ಬೇಕಾಗಿದ್ದ ಕಾಗದ ಸಿಕ್ಕಿದ ಮೇಲೂ ಅವನು ಹೋಗುವುದನ್ನು ಬಿಡಲಿಲ್ಲ. ನಿವೃತ್ತಿಯಾದ ಮೇಲೆ ಕೆಲವರಿಗೆ ಯೋಗ, ಕೆಲವರಿಗೆ ಭಜನೆ. ಅಪ್ಪಯ್ಯನಿಗೆ ಹಳೆಯ ದಾಖಲೆಗಳ ಧೂಳು ಹಿಡಿಯಿತು. ಸೀನುತ್ತ ಮನೆಗೆ ಬಂದು, ಸೀನುತ್ತಲೇ ಕಂಡದ್ದನ್ನು ವರದಿ ಮಾಡುತ್ತಿದ್ದ.

ಕೊನೆಗೊಮ್ಮೆ ಗಣಪಜ್ಜ ಸಿಕ್ಕಿದ. ಹಳದೀಪುರದ ಹಳೆಯ ಪುಸ್ತಕವೊಂದರಲ್ಲಿ, ಭಟ್ಕಳದ ಕಡೆಯಿಂದ ಬಂದ ಗಣಪ ಎಂಬವನು ಹಾಳು ಬಿದ್ದ ಜಾಗವನ್ನು ಹೊಸದಾಗಿ ಸಾಗು ಮಾಡಿದ್ದಾನೆ ಎಂದು ಬರೆದಿತ್ತು. ಒಂದು ಹುಲ್ಲಿನ ಮನೆ, ಒಂದು ಬಾವಿ, ತೆಂಗಿನ ಸಸಿಗಳು. ಅದರ ಮುಂದೆ ಸಣ್ಣಕ್ಷರದಲ್ಲಿ ‘ಫಲ ಇಲ್ಲ’ ಎಂದಿತ್ತು. ಅದನ್ನು ಹೇಳುವಾಗ ಅಪ್ಪಯ್ಯನ ದನಿ ಇಳಿಯಿತು. ತೆಂಗಿನ ಸಸಿ ಫಲ ಕೊಡಬೇಕಾದರೆ ವರ್ಷಗಟ್ಟಲೆ ಕಾಯಬೇಕು. ಸುತ್ತಲೂ ಮುಳ್ಳು ಮುಂಡಿಗೆಯ ಪೊದೆ, ಕೆಳಗೆ ಉಸುಕು, ಬಾವಿಯ ನೀರು ಉಪ್ಪೋ ಸಿಹಿಯೋ ಯಾರಿಗೆ ಗೊತ್ತು. ಅಷ್ಟು ವರ್ಷ ಆ ಮನುಷ್ಯ ಏನು ತಿಂದು ಕಾದ ಎಂದು ಆ ದಿನ ಅಪ್ಪಯ್ಯ ಊಟದ ನಡುವೆ ಎಷ್ಟೋ ಸಲ ಕೇಳಿದ. ಆಯಿ ಅವನ ಎಲೆಗೆ ಇನ್ನೊಂದು ಸೌಟು ಅನ್ನ ಬಡಿಸಿದಳು.

ಇಳಿದ ಊರು ಸಿಕ್ಕಿತು, ಹತ್ತಿದ ಊರು ಸಿಗಬೇಕಲ್ಲ. ನಾನು ರಜೆ ಹಾಕಿ ಅವನ ಜೊತೆ ಭಟ್ಕಳಕ್ಕೆ ಹೋದೆ. ಬಸ್ಸಿನಲ್ಲಿ ಅವನು ಕೂತದ್ದು ಕಂಡಕ್ಟರ್ ಸೀಟಿನ ಪಕ್ಕದಲ್ಲೇ, ದಾರಿಯುದ್ದಕ್ಕೂ ಆ ಕಂಡಕ್ಟರಿಗೆ ಬೇಡದ ಸಲಹೆ ಕೊಡುತ್ತ. ಅಲ್ಲಿಯ ಕಚೇರಿಯಲ್ಲಿ ಒಂದೆರಡು ಹಳ್ಳಿಗಳ ಪುಸ್ತಕ ತಿರುವಿದ ಮೇಲೆ ಮೂರನೆಯದರಲ್ಲಿ ಅಜ್ಜನ ಹೆಸರು, ಅವನ ಅಪ್ಪನ ಹೆಸರು, ಎಲ್ಲವೂ ತಾಳೆಯಾಯಿತು. ಓದಲು ಬಾರದ ಹಳೆಯ ಮೋಡಿ ಲಿಪಿಯಲ್ಲ, ಚೊಕ್ಕ ಕನ್ನಡ ಅಕ್ಷರ. ಹೆಸರಿನ ಮುಂದೆಯೇ ಒತ್ತಿ ಬರೆದಿತ್ತು: ಪರಾಗಂದಾ.

“ನೋಡೇ ಕೂಸೇ, ಅಜ್ಜಂಗೆ ಬಿರುದು ಇತ್ತಡ” ಎಂದ ಅಪ್ಪಯ್ಯ.

ಇಲ್ಲಿ ನನ್ನ ಪಾಂಡಿತ್ಯದ ವಿಷಯ ಹೇಳಬೇಕು. ನಾನು ಕನ್ನಡದಲ್ಲಿ ಎಂ.ಎ. ಮಾಡಿದವಳು. ಬ್ಯಾಂಕಿನಲ್ಲಿ ಅದು ಯಾವ ಉಪಯೋಗಕ್ಕೂ ಬರದೆ ಒಳಗೆ ಹುಳಿಯುತ್ತ ಕೂತಿತ್ತು. ಆ ದಿನ ಉಕ್ಕಿತು. ಪರಾಗ ಅಂದರೆ ಹೂವಿನ ಪುಡಿ, ಗಂಧ ಅಂದರೆ ಸುವಾಸನೆ ಎಂದೆ. ಪರಾಗದ ಗಂಧದಂತೆ ದೂರದೂರಕ್ಕೆ ಕೀರ್ತಿ ಹರಡಿದವನು ಎಂದೆ. ಪರಾಗಗಂಧ ಆಗಬೇಕಿತ್ತಲ್ಲ, ಒಂದು ಗ ಎಲ್ಲಿ ಹೋಯಿತು ಎಂದು ಅಪ್ಪಯ್ಯ ಕೇಳಿದ. ಲೋಪವಾಗಿದೆ ಎಂದೆ. ಲೋಪಸಂಧಿಯಲ್ಲಿ ಲೋಪವಾಗುವುದು ಸ್ವರ, ಇಡೀ ಗಕಾರ ಅಲ್ಲ ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಅಪ್ಪಯ್ಯನ ಮುಖ ನೋಡುತ್ತಿದ್ದರೆ ವ್ಯಾಕರಣ ಯಾರಿಗೆ ಬೇಕು? ಇನ್ನು ಆ ‘ದಾ’. ಬರೆದ ಗುಮಾಸ್ತನಿಗೆ ಮಹಾಪ್ರಾಣದ ಮೇಲೆ ಹಿಡಿತ ಇರಲಿಲ್ಲ ಎಂದು ತೀರ್ಪು ಕೊಟ್ಟು, ನಾನೇ ಅಕ್ಷರದ ಹೊಟ್ಟೆ ಸೀಳಿ ಧಕಾರ ಮಾಡಿದೆ. ಸತ್ತು ಎಷ್ಟೋ ಕಾಲವಾದ ಒಬ್ಬ ಬಡಪಾಯಿಯ ಕಾಗುಣಿತ ತಿದ್ದಿದ ಹೆಮ್ಮೆಯಲ್ಲಿ ಮುರುಡೇಶ್ವರ ಬರುವವರೆಗೂ ಬೀಗುತ್ತ ಕೂತಿದ್ದೆ.

ಹೊಸ ಮನೆಗೆ ಹೆಸರು ಆ ಬಸ್ಸಿನಲ್ಲೇ ನಿಶ್ಚಯವಾಯಿತು. ಕುಮಟೆಯಲ್ಲಿ ಕಲ್ಲು ಕೆತ್ತಿಸಿದ್ದಾಯಿತು. ಮನೆ ಒಕ್ಕಲಿನ ಕರೆಯೋಲೆಯಲ್ಲಿ ದಪ್ಪಕ್ಷರದಲ್ಲಿ ‘ಪರಾಗಂಧ’ ಎಂದು ಅಚ್ಚಾಯಿತು. ಅಪ್ಪಯ್ಯ ಅದನ್ನು ಮನೆಮನೆಗೆ ಕೊಡುವಾಗ ಅರ್ಥವನ್ನೂ ಹೇಳಿ ಬರುತ್ತಿದ್ದ, ಬಿರುದಿನ ಕಥೆ ಸಮೇತ. ಹೊನ್ನಾವರ ತಲುಪುವಷ್ಟರಲ್ಲಿ ಆ ಕಥೆಗೆ ಅರಮನೆಯೊಂದು ಸೇರಿಕೊಂಡಿತ್ತು. ಧಾರೇಶ್ವರದಲ್ಲಿ ಪಲ್ಲಕ್ಕಿಯೂ ಬಂತು. ಇನ್ನು ಯಾರೂ ಬಂದವರ ಮನೆ ಎನ್ನಲಾರರು ಎಂದು ಅವನು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಅವನ ನಡಿಗೆಯೇ ಬದಲಾಗಿತ್ತು. ಆಯಿಗೆ ಹೆಸರಿನ ಚಿಂತೆಯಿರಲಿಲ್ಲ. ಎಂಜಿನಿಯರ್ ತಂದ ನಕ್ಷೆಯಲ್ಲಿ ಹಿತ್ತಿಲ ಬಾಗಿಲೇ ಇರಲಿಲ್ಲ.

“ಹೆಸರು ಎಂತಾರೂ ಇಡಿ, ಹಿತ್ಲ ಬಾಗ್ಲು ಮಾತ್ರ ಬಿಡಡಿ. ಅಜ್ಜನ ಎಲೆ ಎಲ್ಲಿ ಹಾಕದು?” ಎಂದಳು. ಎಂಜಿನಿಯರ್ ತಲೆ ಕೆರೆದುಕೊಂಡು ಅಡುಗೆಮನೆಯ ಗೋಡೆಯಲ್ಲಿ ಒಂದು ಬಾಗಿಲು ಬರೆದ.

ಒಕ್ಕಲಿನ ಮುನ್ನಾದಿನ ಬೆಳಗಾವಿಯಿಂದ ಗಜು, ಅವನ ಹೆಂಡತಿ ಮತ್ತು ಅವನ ಅತ್ತೆ ಕುಸುಮಕ್ಕ ಬಂದಿಳಿದರು. ಗಜುವಿಗೆ ಅಲ್ಲಿ ಔಷಧ ಮಾರುವ ಕೆಲಸ, ಅಲ್ಲಿಯದೇ ಹುಡುಗಿಯನ್ನು ಇಷ್ಟಪಟ್ಟು ಮದುವೆಯಾದವನು. ಕುಸುಮಕ್ಕ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಕಲಿತವರು. ಕಾರಿನಿಂದ ಇಳಿದು ಗೇಟಿನ ಬಳಿ ನಿಂತರು, ಫಲಕ ಓದಿದರು, ಇನ್ನೊಮ್ಮೆ ಓದಿದರು. ಅಪ್ಪಯ್ಯ ಅಡಿಗೆಯವರ ಹತ್ತಿರ ಇದ್ದ, ಪುಣ್ಯ. ಕುಸುಮಕ್ಕ ಆ ಹೆಸರು ಎಲ್ಲಿ ಸಿಕ್ಕಿತೆಂದು ನನ್ನನ್ನು ವಿಚಾರಿಸಿದರು. ನಾನು ಉತ್ಸಾಹದಿಂದ ದಾಖಲೆಯ ಕಥೆ ಹೇಳಿ, ಅದರಲ್ಲಿ ಹೇಗೆ ಬರೆದಿತ್ತೆಂಬುದನ್ನೂ ಹೇಳಿದೆ. ಅವರು ನನ್ನ ಕೈ ಹಿಡಿದು ಪಕ್ಕಕ್ಕೆ ಎಳೆದರು.

“ತಪ್ಪು ತಿಳ್ಕೋಬ್ಯಾಡವಾ. ನಮ್ಮ ಕಡೆ ಊರು ಬಿಟ್ಟು ಓಡಿ ಹೋದವಂಗ ಪರಾಗಂದಾ ಆದ ಅಂತಾರ” ಎಂದರು.

ನಾನು ಅಲ್ಲೇ ಫೋನಿನಲ್ಲಿ ಮರಾಠಿ ನಿಘಂಟು ತೆರೆದು ನೋಡಿದೆ. ಅದೂ ಕುಸುಮಕ್ಕನ ಪಕ್ಷವೇ. ಮುಂಬಯಿ ಇಲಾಖೆಯ ಕಾಲದಲ್ಲಿ ನಮ್ಮ ಕಚೇರಿಗಳ ಕನ್ನಡದೊಳಗೆ ಮರಾಠಿಯ, ಫಾರಸಿ ಭಾಷೆಯ ಎಷ್ಟೋ ಪದಗಳು ಬಂದು ಕೂತಿದ್ದವು. ಜಮೀನು ಬಿಟ್ಟು ಕಾಣೆಯಾದ ರೈತನ ಹೆಸರಿನ ಮುಂದೆ ಬರೆಯುತ್ತಿದ್ದ ಮಾತು ಅದು. ಬಿರುದೂ ಅಲ್ಲ, ಹೂವೂ ಅಲ್ಲ. ಗುಮಾಸ್ತನ ಕಾಗುಣಿತ ಸರಿಯಾಗಿಯೇ ಇತ್ತು.

ಈಗೇನು ಮಾಡುವುದು? ಊರಿಗೆಲ್ಲ ಕರೆಯೋಲೆ ಹೋಗಿದೆ. ಸುಮ್ಮನಿದ್ದುಬಿಡು, ಇಲ್ಲಿ ಯಾರಿಗೆ ಗೊತ್ತಾಗುತ್ತದೆ ಎಂದ ಗಜು. ಆದರೆ ಕುಸುಮಕ್ಕನ ಕಡೆಯವರು ಇನ್ನೂ ಬರುವವರಿದ್ದರು. ತುಂಬಿದ ಚಪ್ಪರದಲ್ಲಿ ಅಪ್ಪಯ್ಯ ಪಲ್ಲಕ್ಕಿಯ ಕಥೆ ಹೇಳುವುದು, ಯಾರೋ ಫಕ್ಕನೆ ನಗುವುದು, ಅಪ್ಪಯ್ಯ ಮಾತನ್ನು ಅರ್ಧಕ್ಕೆ ಬಿಡುವುದು, ಇಷ್ಟೂ ನನ್ನ ಕಣ್ಣ ಮುಂದೆ ಬಂತು. ಬಂದವರ ಮನೆ ಎಂದರೆ ಮುಖ ಬಾಡುವ ಮನುಷ್ಯನಿಗೆ ಓಡಿಹೋದವರ ಮನೆ ಎಂದರೆ ಹೇಗಾದೀತು? ಪರರ ಬಾಯಿಂದ ಕೇಳುವುದಕ್ಕಿಂತ ನನ್ನ ಬಾಯಿಂದಲೇ ಕೇಳಲಿ ಎಂದು ಹುಡುಕಿಕೊಂಡು ಹೊರಟೆ. ಅವನು ಗೇಟಿನ ಬಳಿ ನಿಂತು ತೆಂಗಿನೆಣ್ಣೆ ಅದ್ದಿದ ಬಟ್ಟೆಯಿಂದ ಫಲಕ ಒರೆಸುತ್ತಿದ್ದ.

ಹೇಳಿದೆ. ಸಂಧಿ ಬಿಡಿಸಿದಷ್ಟು ಸುಲಭವಾಗಲಿಲ್ಲ. ಅವನು ಬಟ್ಟೆಯನ್ನು ಮಡಚಿ ಕಂಬದ ಮೇಲಿಟ್ಟ. ತೋಟದ ಬದಿಯಿಂದ ಮನೆಯನ್ನು ಸುತ್ತುಹಾಕಿ ಹೋಗಿ ಹಿತ್ತಿಲ ಬಾಗಿಲ ಹೊಸ್ತಿಲ ಮೇಲೆ ಕೂತ. ಒಳಗೆ ಆಯಿ ಕಾಯಿ ತುರಿಯುತ್ತಿದ್ದವಳು ಕೈ ನಿಲ್ಲಿಸಿದಳು. ನಾನು ಸ್ವಲ್ಪ ದೂರದಲ್ಲಿ ನಿಂತೆ. ಎಂ.ಎ. ಮಾಡಿದ್ದಕ್ಕೆ ಅಷ್ಟು ಬೇಸರ ನನಗೆ ಬ್ಯಾಂಕ್ ಪರೀಕ್ಷೆ ಬರೆದಾಗಲೂ ಆಗಿರಲಿಲ್ಲ.

ಅವನು ತೆಂಗಿನ ಮರಗಳನ್ನು ನೋಡುತ್ತಿದ್ದ. ಆಮೇಲೆ ತಾನು ಕೂತ ಜಾಗವನ್ನು ನೋಡಿದ. ಹೊಸ್ತಿಲನ್ನು ಕೈಯಿಂದ ಸವರಿದ. ಭುಜ ಅಲುಗತೊಡಗಿತು. ಅಳುತ್ತಿದ್ದಾನೆಂದು ನಾನು ಹತ್ತಿರ ಓಡಿದರೆ, ನಗುತ್ತಿದ್ದ.

“ಅಜ್ಜನ ಎಲೆ ಎಂತಕ್ಕೆ ಇಲ್ಲಿ ಹಾಕ್ತ್ಯ ಹೇಳಿ ಈಗ ಗೊತ್ತಾತು” ಎಂದು ಆಯಿಗೆ ಕೂಗಿ ಹೇಳಿದ. “ಯಾರಾದ್ರೂ ಹುಡ್ಕ್ಯಂಡು ಬಂದ್ರೆ ಎದ್ದು ಓಡಲೆ.”

ಆಯಿ ಬಾಗಿಲಿಗೆ ಬಂದಳು. ಅವಳಿಗೂ ನಗು ತಡೆಯಲಿಲ್ಲ. ಎಷ್ಟೋ ತಲೆಮಾರಿನ ಸೊಸೆಯಂದಿರು ಗದರಿಸಿಕೊಂಡು, ಗದರಿ, ಕಾಪಾಡಿಕೊಂಡು ಬಂದ ಕ್ರಮದ ಗುಟ್ಟು ಇಷ್ಟೇ ಆಗಿತ್ತು. ಆ ಮನುಷ್ಯ ಬದುಕಿದ್ದಷ್ಟು ದಿನ ಹಿತ್ತಿಲ ಬಾಗಿಲ ಹತ್ತಿರವೇ ಊಟಕ್ಕೆ ಕೂರುತ್ತಿದ್ದನೇನೋ, ಒಂದು ಕಣ್ಣು ದಾರಿಯ ಕಡೆ ಇಟ್ಟುಕೊಂಡು. ಯಾಕೆ ಓಡಿ ಬಂದನೋ ಪುಸ್ತಕದಲ್ಲಿ ಇರಲಿಲ್ಲ, ಇನ್ನು ತಿಳಿಯುವುದೂ ಇಲ್ಲ. ಜ್ವರವಿತ್ತೋ, ಜಗಳವಿತ್ತೋ, ಮಳೆ ಬಾರದ ವರ್ಷವೋ. ನಗು ನಿಂತ ಮೇಲೆ ಅಪ್ಪಯ್ಯ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದ.

“ಹತ್ತಿದ ಊರವ್ವು ಓಡಿಹೋದ ಹೇಳಿ ಬರ್ಕತ್ತ, ಇಳಿದ ಊರವ್ವು ಬಂದ ಹೇಳಿ ಬರ್ಕತ್ತ. ಪ್ಯಾಸೆಂಜರ್ ಒಬ್ಬನೇಯ, ಟಿಕೆಟ್ಟೂ ಒಂದೇಯ, ಅಲ್ದನೇ ಕೂಸೇ?”

ಕಂಡಕ್ಟರ್ ಕೆಲಸ ಬಿಟ್ಟು ಬೇರೇನೂ ಗೊತ್ತಿಲ್ಲ ಎಂದು ತನ್ನ ಬಗ್ಗೆ ತಾನೇ ಹೇಳಿಕೊಳ್ಳುತ್ತಿದ್ದ ಮನುಷ್ಯ. ನನಗೆ ಅವನ ಮೇಲೆ ಉಕ್ಕಿ ಬಂದ ಪ್ರೀತಿಯನ್ನು ಹೇಗೆ ತೋರಿಸಬೇಕೆಂದು ತಿಳಿಯದೆ ಹೌದು ಹೌದು ಎಂದು ತಲೆಯಾಡಿಸಿದೆ. ಫಲಕ ಕೀಳಿಸೋಣವೇ ಎಂದು ಕೇಳಿದೆ. ಅವನು ಒಪ್ಪಲಿಲ್ಲ. ಅಜ್ಜನ ಬಗ್ಗೆ ಬರೆದದ್ದನ್ನು ಬರೆದ ಹಾಗೆಯೇ ಹಾಕಬೇಕು ಎಂದ. ಟೈಲ್ಸಿನ ಸಂದಿ ತುಂಬುತ್ತಿದ್ದ ಮೇಸ್ತ್ರಿಯ ಹತ್ತಿರ ಒಂದು ಚಿಟಿಕೆ ಸಿಮೆಂಟು ಇಸಿದುಕೊಂಡು ಹೋಗಿ, ನಾನು ಸೀಳಿಸಿದ್ದ ಹೊಟ್ಟೆಯನ್ನು ತಾನೇ ಹೊಲಿದ. ದೀರ್ಘ ಕೆತ್ತಲು ಜಾಗವಿರಲಿಲ್ಲ, ಅಷ್ಟಕ್ಕೇ ಬಿಟ್ಟ.

ಮಾರನೆಯ ದಿನ ಚಪ್ಪರ ತುಂಬಿತ್ತು. ಅಪ್ಪಯ್ಯ ಬಂದವರಿಗೆಲ್ಲ ತಾನಾಗಿಯೇ ಕಥೆ ಹೇಳಿದ, ಈ ಸಲ ಪಲ್ಲಕ್ಕಿ, ಅರಮನೆಗಳನ್ನು ಇಳಿಸಿ. ಓಡಿ ಬಂದವನ ಮನೆ, ಬನ್ನಿ, ಕೂತುಕೊಳ್ಳಿ ಎಂದ. ಜನ ನಕ್ಕರು, ಅವನು ಅವರಿಗಿಂತ ಜೋರಾಗಿ ನಕ್ಕ. ಕುಸುಮಕ್ಕನೂ ನಿರಾಳವಾಗಿ ನಕ್ಕರು. ಅಚ್ಚರಿಯೆಂದರೆ, ಆಮೇಲೆ ಪಂಕ್ತಿಗೆ ಕೂತ ನೆರೆಹೊರೆಯ ಒಬ್ಬೊಬ್ಬರೂ ತಮ್ಮ ಮನೆಯ ಹಿರಿಯರೂ ಎಲ್ಲಿಂದಲೋ ಬಂದವರೇ ಎಂದು ಶುರು ಮಾಡಿದರು. ಗೋವೆಯಿಂದ ಕೆಲವರು, ಘಟ್ಟದ ಮೇಲಿನಿಂದ ಕೆಲವರು, ಹೊಳೆಯ ಆಚೆಯಿಂದ ಕೆಲವರು. ಮಜ್ಜಿಗೆ ಬರುವಷ್ಟರಲ್ಲಿ ಹಳದೀಪುರದಲ್ಲಿ ಮೊದಲಿನಿಂದ ಇದ್ದವರು ಯಾರೂ ಉಳಿದಿರಲಿಲ್ಲ.

ಆದರೆ ಅದು ಆಮೇಲಿನ ಮಾತು. ಊಟಕ್ಕೆ ಮೊದಲು ಆಯಿ ಎಂದಿನಂತೆ ಅಜ್ಜನ ಎಲೆ ಹಿಡಿದು ಹಿತ್ತಿಲ ಬಾಗಿಲಿಗೆ ಹೊರಟಿದ್ದಳು. ಅಪ್ಪಯ್ಯ ಅವಳ ಕೈಯಿಂದ ಎಲೆ ತೆಗೆದುಕೊಂಡ. ಅದನ್ನು ತಂದು ಹೊಸ ಮನೆಯ ನಡುಮನೆಯಲ್ಲಿ, ಪಂಕ್ತಿಯ ಮೊದಲಿಗೆ ಹಾಕಿದ. ನೀರು ಚಿಮುಕಿಸಿದ. ಆಯಿ ಉಪ್ಪು, ಪಾಯಸ, ಅನ್ನ ಬಡಿಸುವವರೆಗೂ ಪಕ್ಕದಲ್ಲೇ ನಿಂತಿದ್ದ. ಆಮೇಲೆ ಬಗ್ಗಿ, ನಾವು ಚಿಕ್ಕಂದಿನಲ್ಲಿ ಕಿಟಕಿಯ ಪಕ್ಕ ನಿದ್ದೆ ಹೋದಾಗ ಎಬ್ಬಿಸುತ್ತಿದ್ದನಲ್ಲ, ಅದೇ ದನಿಯಲ್ಲಿ ಹೇಳಿದ.

“ಅಜ್ಜಾ, ಹಳದೀಪುರ ಬಂತು. ಇಳಿ.”

ಆಯಿ ಒಳಗೆ ಹೋಗಿ ಹಿತ್ತಿಲ ಬಾಗಿಲ ಅಗಳಿ ಹಾಕಿ ಬಂದಳು.